ಬಿಸಿಲಿಗೆ ಬೈಯೋಕೂ ಪರ್ಮಿಷನ್ ಬೇಕಾ?

ಇವತ್ತು ಬೆಳಿಗ್ಗೆ ಒಂದು ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಬಿಸಿಬೇಳೆಬಾತ್ ಚೆನ್ನಾಗಿತ್ತು. ಕೇಕೂ ಪರವಾಗಿಲ್ಲ. ಆದರೆ ಮನೆಗೆ ಬಂದಾಗಿನಿಂದ ತಲೆ ಕಾದು ಕೂತಿದೆ. "ಬಿಸಿಲು ಹತ್ತಿರಬೇಕು, ಒಂದು ಲೋಟ ಮಜ್ಜಿಗೆ ಕುಡೀರಿ" ಅಂದಳು ಹೆಂಡತಿ. ಎರಡು ಲೋಟ ಕುಡಿದೆ. ಇಳಿದಿಲ್ಲ. ಹತ್ತಿದ್ದು ಬಿಸಿಲಲ್ಲ, ಅಲ್ಲಿ ಕೇಳಿದ ಒಂದು ಮಾತು.

ಆಸ್ಟ್ರೇಲಿಯಾದ ನಮ್ಮ ಪರ್ತ್‌ನಲ್ಲಿ ಕ್ಯಾನಿಂಗ್ ನದಿ ದಂಡೆಯ ಪಾರ್ಕು. ಮಧ್ಯಾಹ್ನಕ್ಕೆ 41 ಡಿಗ್ರಿ ಅಂತ ಮುನ್ಸೂಚನೆ ಇತ್ತು. ಅದಕ್ಕೇ ಒಂಬತ್ತಕ್ಕೆಲ್ಲ ಚಾಪೆ, ಎಸ್ಕಿ (ಐಸ್ ತುಂಬಿದ ಪೆಟ್ಟಿಗೆ), ಬಲೂನು ಎಲ್ಲ ಹೊತ್ತುಕೊಂಡು ಹೋಗಿ ಒಂದು ಮರದಡಿ ಜಾಗ ಹಿಡಿದಿದ್ದೆವು. ಒಂದಿಪ್ಪತ್ತೈದು ಜನ, ಎಲ್ಲಾ ನಮ್ಮವರೇ. ಅವರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಳು. ಬಂದು ಏಳೆಂಟು ತಿಂಗಳಾಗಿದೆ. ಮಗುವಿನ ಬೆವರು ಒರೆಸುತ್ತಾ ನನ್ನ ಹತ್ತಿರ ಹೇಳಿದಳು, "ಸರಿಯಾಗಿ ಮಳೆ ನೋಡದೆ ಎಷ್ಟು ದಿನ ಆಯ್ತು ಅಣ್ಣ. ಈ ಬಿಸಿಲು ನೋಡಿ ನೋಡಿ ಸಾಕಾಗಿದೆ. ಒಂದಿನ ಮೋಡ ಆದ್ರೂ ಆಗಬಾರದಾ?"

ಇಷ್ಟೇ ಅವಳು ಹೇಳಿದ್ದು. ಪಕ್ಕದಲ್ಲಿ ಜೋಳ ಸುಡುತ್ತಾ ನಿಂತಿದ್ದ ನಮ್ಮ ಹಿರಿಯರೊಬ್ಬರು (ಹೆಸರು ಬೇಡ, ಸಾರ್ ಅನ್ನೋಣ) ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ತಿರುಗಿದರು. "ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗಮ್ಮಾ, ಯಾರು ಕಟ್ಟಿಹಾಕಿದ್ದಾರೆ? ವರ್ಷಕ್ಕೆ ಮೂರು ಸಾವಿರ ಗಂಟೆ ಬಿಸಿಲು ಬೀಳೋ ಊರು ಇದು. ಲಂಡನ್‌ನವರು ಇದಕ್ಕೆ ಬಾಯಿ ಬಾಯಿ ಬಿಡ್ತಾರೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗು ನೋಡಿ ನನಗೆ ಉರಿದುಹೋಯಿತು.

ಬಿಸಿಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ನಾನು ಬಳ್ಳಾರಿಯವನು. ನಮ್ಮಲ್ಲಿರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ಜೋಕು ಮಾಡಿಕೊಳ್ಳುತ್ತೇವೆ. ಊರ ನಡುವಿನ ಬಂಡೆಗುಡ್ಡ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ನಮ್ಮ ಮೇಲೆ ಉಗುಳುತ್ತಿತ್ತು. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ, ಹಬೆ ಆರಿದ ಮೇಲೆ ಚಾಪೆ ಹಾಸುತ್ತಿದ್ದೆವು. ಅಂಥ ಊರಿನಿಂದ ಬಂದವನಿಗೆ ಪಕ್ಕದ ಮನೆ ಇಂಗ್ಲಿಷ್ ಅಜ್ಜಿ 37 ಡಿಗ್ರಿಯಲ್ಲಿ ಕೈ ಬೀಸಿ "ಎಷ್ಟು ಸೊಗಸಾದ ದಿನ ಅಲ್ವಾ" ಅಂದರೆ ಏನು ಹೇಳಬೇಕು? ಹದಿಮೂರು ವರ್ಷ ಆಯ್ತು, ಆ "ಹೌದು" ಅನ್ನೋದು ಇನ್ನೂ ನನ್ನ ಬಾಯಿಂದ ಸಲೀಸಾಗಿ ಬರಲ್ಲ. ನಮಗೆ ಸೊಗಸಾದ ದಿನ ಅಂದರೆ ಮೋಡ ಕವಿದ ದಿನ. ಮಿರ್ಚಿ ಕರಿಯೋ ದಿನ.

ನಾನು ಇಲ್ಲಿಗೆ ಬಂದದ್ದು ಬಿಸಿಲು ಹುಡುಕಿಕೊಂಡಲ್ಲ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರು ಕಡೆಯ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮಂಥವರು ಒಂದೇ ವಾರದಲ್ಲಿ ಮನೆಯಲ್ಲಿ ಕೂತೆವು. ನಿಲ್ಲಿಸಿದ್ದು ಸರಿಯೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸಂಬಳ ನಿಂತಾಗ ಸರಿ-ತಪ್ಪು ಊಟಕ್ಕೆ ಬರಲ್ಲ. ಎಂಟು ತಿಂಗಳು ಬೆಂಗಳೂರಿನ ಪಿಜಿಯಲ್ಲಿ ಕೂತು ಅರ್ಜಿ ಹಾಕಿದೆ. ಕಬ್ಬಿಣದ ಅದಿರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕಬ್ಬಿಣದ ಅದಿರು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿತ್ತು. ಪಿಲ್ಬಾರಾಕ್ಕೆ ವಿಮಾನ ಪರ್ತ್‌ನಿಂದ ಹೋಗುತ್ತಿತ್ತು. ಅಷ್ಟೇ ನನ್ನ ಪರ್ತ್ ಪ್ರೇಮಕಥೆ. ಪಿಲ್ಬಾರಾದಲ್ಲಿ ಇಳಿದ ಮೊದಲ ದಿನ ಬೂಟು ನೋಡಿಕೊಂಡೆ. ಅದೇ ಕೆಂಪು ಧೂಳು! ಆ ಕಡೆಯ ಮಾರ್ಬಲ್ ಬಾರ್ ಅನ್ನೋ ಊರಲ್ಲಿ 1923-24ರಲ್ಲಿ ಸತತ 160 ದಿನ ಹಗಲಿನ ಗರಿಷ್ಠ ಬಿಸಿಲು 37.8 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲವಂತೆ. ಇದನ್ನು ಅಮ್ಮನಿಗೆ ಫೋನಲ್ಲಿ ಹೇಳಿದೆ. "ಮತ್ತೆ ಅಷ್ಟು ದೂರ ಯಾಕಪ್ಪಾ ಹೋದಿ?" ಅಂದಳು.

ಹಾಗಾಗಿ ನನಗೆ ಈ ಬಿಸಿಲಿನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಹಳೇ ನೆಂಟ. ಉಡುಪಿ ಕಡೆಯ ಒಬ್ಬ ನರ್ಸ್ ಅಕ್ಕ ಇದ್ದಾರೆ, ಹತ್ತು ವರ್ಷ ಕುವೈತ್‌ನಲ್ಲಿದ್ದು ಬಂದವರು. ಅವರಿಗೆ ಇದು ಬಿಸಿಲೇ ಅಲ್ಲ, ಬೆಳದಿಂಗಳು. ಬಸವನಗುಡಿಯ ನನ್ನ ಗೆಳೆಯ ಅಕ್ಟೋಬರ್ ಬಂದರೆ ಸಾಕು ಎಸಿ ಹಾಕಿ "ನಮ್ಮ ಬೆಂಗಳೂರಲ್ಲಿ ಫ್ಯಾನೂ ಬೇಕಿರಲಿಲ್ಲ" ಅಂತ ಶುರು ಮಾಡುತ್ತಾನೆ. (ಯಾವ ಇಸವಿಯ ಬೆಂಗಳೂರು ಅಂತ ಕೇಳಬಾರದು.) ಎಲ್ಲರೂ ಹೇಳೋದು ನಿಜವೇ. ಒಂದೇ ಬಿಸಿಲು ಎಲ್ಲರಿಗೂ ಒಂದೇ ಥರ ತಾಗಬೇಕು ಅಂತ ಯಾವ ಕಾನೂನಿದೆ? ವಾಪಸ್ ಹೋಗು ಅನ್ನೋ ಮಾತು ಎಲ್ಲಿಂದ ಬಂತು ಇಲ್ಲಿ?

ಈ ಊರಿನವರೇ ಬಿಸಿಲಿಗೆ ಬೈಯುತ್ತಾರೆ, ಸಾರ್‌ಗೆ ಅದು ಗೊತ್ತಿಲ್ಲವಾ? ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕೋಣ, ಸಂಜೆ ಬೆಳಕು ಜಾಸ್ತಿ ಸಿಗುತ್ತೆ ಅಂತ ಈ ರಾಜ್ಯದ ಜನರನ್ನು ನಾಲ್ಕು ಸಲ ಕೇಳಿದರು. 1975, 1984, 1992, 2009. ನಾಲ್ಕೂ ಸಲ ಜನ ಬೇಡ ಅಂತ ವೋಟು ಹಾಕಿದರು. ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು ಅಂದವರು ಅವರಲ್ಲಿ ಎಷ್ಟೋ ಜನ. ಅವರನ್ನೆಲ್ಲ ಎಲ್ಲಿಗೆ ವಾಪಸ್ ಕಳಿಸೋಣ ಸಾರ್? ಈ ನೆಲದ ಮೂಲ ಜನ ನೂಂಗಾರರು ವರ್ಷಕ್ಕೆ ಆರು ಋತು ಲೆಕ್ಕ ಹಾಕುತ್ತಾರೆ, ನಮ್ಮ ಹಾಗೆಯೇ. ಡಿಸೆಂಬರ್-ಜನವರಿಗೆ ಬಿರಾಕ್, ಮೊದಲ ಬೇಸಿಗೆ. ಫೆಬ್ರವರಿ-ಮಾರ್ಚ್‌ಗೆ ಬುನುರು, ಎರಡನೇ ಬೇಸಿಗೆ. ನಮ್ಮ ಬಳ್ಳಾರಿ ಜೋಕು ಇವರಿಗೆ ಪಂಚಾಂಗ! 2021-22ರ ಬೇಸಿಗೆಯಲ್ಲಿ ಪರ್ತ್‌ನಲ್ಲಿ 13 ದಿನ 40 ಡಿಗ್ರಿ ದಾಟಿತ್ತು. ಆಗ ಸಾರ್ ಮನೆಯ ಎಸಿ ಕೆಟ್ಟಿತ್ತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವರು ಹಾಕಿದ್ದ ಮೆಸೇಜನ್ನು ಹೆಣ್ಣುಮಕ್ಕಳಿರೋ ಈ ಫೇಸ್‌ಬುಕ್ ಗೋಡೆ ಮೇಲೆ ಬರೆಯೋ ಹಾಗಿಲ್ಲ.

ಇಂಗ್ಲಿಷ್ ಅಜ್ಜಿ ಅಂದೆನಲ್ಲ, ಅವರ ಮನೆಯವರು ಬಂದದ್ದು 10 ಪೌಂಡಿನ ಟಿಕೆಟ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾಕ್ಕೆ ಜನ ಬೇಕಿತ್ತು. ಬ್ರಿಟನ್ನಿನವರಿಗೆ ಬಿಸಿಲು, ಸಮುದ್ರ, ಸ್ವಂತ ಮನೆ ಅಂತೆಲ್ಲ ಆಸೆ ತೋರಿಸಿ 10 ಪೌಂಡಿಗೆ ಹಡಗು ಹತ್ತಿಸಿದರು. ಕಡೇ ಪಕ್ಷ ಎರಡು ವರ್ಷ ಇರಬೇಕು, ಅದಕ್ಕೂ ಮುಂಚೆ ಹೊರಟರೆ ಬಂದ ಖರ್ಚು ಕಟ್ಟಬೇಕು. ಆ ಜನ ಇಳಿದ ದಿನದಿಂದಲೇ ಬೈಯೋಕೆ ಶುರು ಮಾಡಿದರು. ನೊಣಕ್ಕೆ ಬೈದರು, ಸೆಕೆಗೆ ಬೈದರು, ಚಹಾಕ್ಕೆ ಬೈದರು. ಇಲ್ಲಿನವರು ಅವರಿಗೆ "ಗೊಣಗೋ ಪಾಮ್" ಅಂತ ಹೆಸರಿಟ್ಟರು (ಪಾಮ್ ಅಂದರೆ ಇಲ್ಲಿನ ಆಡುಮಾತಲ್ಲಿ ಇಂಗ್ಲಿಷರು). ಬಂದವರಲ್ಲಿ ಸುಮಾರು ಕಾಲು ಭಾಗ ವಾಪಸ್ ಹೋದರು. ಮಜಾ ಏನಂದ್ರೆ, ಹಾಗೆ ಹೋದವರಲ್ಲಿ ಸುಮಾರು ಅರ್ಧ ಜನ ಮತ್ತೆ ಬಂದರು! ಅಜ್ಜಿಯ ತಾಯಿ ಹೋಗಲೂ ಇಲ್ಲ, ಬೈಯೋದು ಬಿಡಲೂ ಇಲ್ಲ. ಫ್ರೀಮ್ಯಾಂಟಲ್ ಬಂದರಿನಲ್ಲಿ ಇಳಿದಾಗಿನಿಂದ ನಲವತ್ತು ವರ್ಷ ಬೈದು, ಇಲ್ಲೇ ಮಣ್ಣಾದರಂತೆ. "ಬಟ್ಟೆ ಒಣಗೋದು ನೋಡಿದಾಗ ಮಾತ್ರ ಅಮ್ಮ ಸುಮ್ಮನಿರ್ತಿದ್ದಳು" ಅಂತಾರೆ ಅಜ್ಜಿ. ಈ ಅಜ್ಜಿಗೆ ನಾನು ಬಿಸಿಲಿನ ಬಗ್ಗೆ ಗೊಣಗಿದರೆ ಇವತ್ತಿನವರೆಗೆ ವಾಪಸ್ ಹೋಗು ಅಂದಿಲ್ಲ. ಅದನ್ನು ಹೇಳೋಕೆ ನಮ್ಮವರೇ ಬೇಕಾಯಿತು.

ಈಗ ನೀವು ಕೇಳುತ್ತೀರಿ, ಯಾವಾಗಲೂ ಗೊಣಗೋರ ಜೊತೆ ಇರೋದು ಕಷ್ಟ ಅಲ್ವಾ ಅಂತ. ಕಷ್ಟವೇ. ಮೆಲ್ಬರ್ನ್‌ನಿಂದ ಬಂದ ಒಬ್ಬ ಗೆಳೆಯ ಇದ್ದಾನೆ. ಇಲ್ಲಿ ಕಾಫಿ ಸರಿ ಇಲ್ಲ, ಒಂಬತ್ತಕ್ಕೆ ಊರು ಮಲಗುತ್ತೆ, ಭಾನುವಾರ ದೊಡ್ಡ ಅಂಗಡಿಗಳು ಹನ್ನೊಂದಕ್ಕೆ ಬಾಗಿಲು ತೆಗೆದು ಐದಕ್ಕೆ ಹಾಕುತ್ತವೆ, ಇದೂ ಒಂದು ಸಿಟಿಯಾ. ಪ್ರತೀ ವರ್ಷ "ಮುಂದಿನ ವರ್ಷ ಹೊರಟೆ" ಅಂತಾನೆ. ಒಂಬತ್ತು ವರ್ಷ ಆಯ್ತು. ಹೋದ ವರ್ಷ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ. ಬೋರ್ ಹೊಡೆಸುತ್ತಾನೆ, ನಿಜ. ನಾನು ಎದ್ದು ಜೋಳ ತರೋಕೆ ಹೋಗುತ್ತೇನೆ. ಅಷ್ಟು ಸಾಕು. ಪಾಸ್‌ಪೋರ್ಟ್ ಆಫೀಸರ್ ಆಗೋ ಅಗತ್ಯ ಇಲ್ಲ.

ಇನ್ನು ಸಾರ್ ಅವರ ಮಾತಿಗೆ ಬರೋಣ. ಕೆಟ್ಟ ಮನುಷ್ಯ ಅಲ್ಲ. ನಾನು ಬಂದಾಗ ಮೊದಲ ವಾರ ಊಟ ಹಾಕಿದ್ದೇ ಅವರ ಮನೆಯವರು. 2008ರ ಜನವರಿಯಲ್ಲಿ ವಾಕಾ ಮೈದಾನದಲ್ಲಿ ಕುಂಬ್ಳೆ 600ನೇ ಟೆಸ್ಟ್ ವಿಕೆಟ್ ತೆಗೆದಾಗ ಅವರು ಅಲ್ಲೇ ಕೂತಿದ್ದರು. ಸೈಮಂಡ್ಸ್ ಬ್ಯಾಟಿಗೆ ತಾಗಿದ ಚೆಂಡು ದ್ರಾವಿಡ್ ಕೈಗೆ. "ಬೌಲರೂ ನಮ್ಮೋನು, ಹಿಡಿದೋನೂ ನಮ್ಮೋನು" ಅಂತ ಹೇಳುವಾಗ ಈಗಲೂ ಅವರ ಗಂಟಲು ಕಟ್ಟುತ್ತದೆ. ನೂರು ಸಲ ಕೇಳಿದ್ದೇನೆ, ಇನ್ನೂ ನೂರು ಸಲ ಕೇಳಬಲ್ಲೆ. ಅದರ ಹಿಂದೆಯೇ ಬರುತ್ತದೆ ಇನ್ನೊಂದು ಪುರಾಣ. ನಾವು ಬಂದಾಗ ಕರಿಬೇವು ಸಿಗ್ತಿರಲಿಲ್ಲ, ಬಸ್ ಇರಲಿಲ್ಲ, ಒಂದು ಕನ್ನಡ ಮಾತಿಗೆ ನಲವತ್ತು ಕಿಲೋಮೀಟರ್ ಹೋಗಬೇಕಿತ್ತು. ಇದೂ ಗೊಣಗಾಟವೇ ತಾನೇ? ಇಪ್ಪತ್ತು ವರ್ಷ ಹಳೆಯದಾದರೆ ಅದು ಹೋರಾಟದ ಕಥೆ. ಹೋದ ವಾರದ್ದಾದರೆ "ವಾಪಸ್ ಹೋಗಮ್ಮಾ". ಎಷ್ಟು ವರ್ಷ ಉಪ್ಪಿನಕಾಯಿ ಹಾಕಿಟ್ಟರೆ ಗೊಣಗಾಟ ಹೋರಾಟ ಆಗುತ್ತೆ ಅಂತ ಹೇಳಿಬಿಟ್ಟರೆ ಆ ಹುಡುಗಿ ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿರುತ್ತಾಳೆ.

ಸರಿ, ನಾನೂ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಹಾಕೋ ಮುಂಚೆ. ಹೋದ ವರ್ಷ ಯಾವನೋ ಒಬ್ಬ ಬೆಂಗಳೂರಿನ ಟ್ರಾಫಿಕ್ಕು, ನೀರು, ಬಾಡಿಗೆ ಅಂತ ಉದ್ದಕ್ಕೆ ಬರೆದಿದ್ದ. ಅದರ ಕೆಳಗೆ "ಇಷ್ಟ ಇಲ್ಲ ಅಂದ್ರೆ ನಿಮ್ಮೂರಿಗೆ ಹೊರಡಿ" ಅಂತ ಹಾಕಿದವನು ನಾನೇ. ಪರ್ತ್‌ನಲ್ಲಿ ಸೋಫಾ ಮೇಲೆ ಕಾಲು ಚಾಚಿಕೊಂಡು. ಲೈಕುಗಳು ಬರೋದನ್ನು ಎಣಿಸಿದ್ದೆ ಕೂಡ. ನಾನು ಬೆಂಗಳೂರಿನವನೂ ಅಲ್ಲ. ಅಲ್ಲಿದ್ದ ಎಂಟೂ ತಿಂಗಳು ಟ್ರಾಫಿಕ್ಕಿಗೆ, ನೀರಿಗೆ, ಬಾಡಿಗೆಗೆ ಬೈದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಮ್ಮ ಭಾಷೆಗೆ ಬೈದರೆ ಬೇರೆ ವಿಷಯ, ಅಲ್ಲಿ ನಾನು ಈಗಲೂ ಬಿಡೋನಲ್ಲ. ಆದರೆ ಅವನು ಭಾಷೆಯ ಸುದ್ದಿಗೇ ಬಂದಿರಲಿಲ್ಲ. ಇವತ್ತು ಹುಡುಕಿ ಆ ಕಾಮೆಂಟ್ ಅಳಿಸಿದೆ.

ಅಳಿಸೋಕೆ ಆಗದ್ದು ಇನ್ನೊಂದಿದೆ. 2013. ಊರಾಚೆಯ ಹೊಸ ಲೇಔಟ್‌ನಲ್ಲಿ ಬಾಡಿಗೆ ಮನೆ. ಒಂದು ಮರ ಇಲ್ಲ. ನನಗೆ ಎರಡು ವಾರ ಗಣಿ, ಒಂದು ವಾರ ಮನೆ. ಇಲ್ಲಿ ಅದಕ್ಕೆ ಫೈಫೋ ಅಂತಾರೆ, ವಿಮಾನದಲ್ಲಿ ಹೋಗು, ವಿಮಾನದಲ್ಲಿ ಬಾ. ಅಂಥ ಒಂದು ಸಂಜೆ ಹೆಂಡತಿ ಫೋನಿನಲ್ಲಿ "ಈ ಬಿಸಿಲು ಸಾಕಾಗಿದೆ ರೀ" ಅಂದಳು. ನಾನು 44 ಡಿಗ್ರಿಯಲ್ಲಿ ಹನ್ನೆರಡು ಗಂಟೆ ದುಡಿದು ಬಂದಿದ್ದೆ. "ಬಳ್ಳಾರಿಯಲ್ಲಿ ಹುಟ್ಟಿದವಳಿಗೆ ಇದೆಂಥ ಬಿಸಿಲು? ಇಷ್ಟ ಇಲ್ಲ ಅಂದ್ರೆ ಹೋಗಿ ಅಮ್ಮನ ಮನೆಯಲ್ಲಿರು" ಅಂದೆ. ಅವಳು ಮತ್ತೆ ಯಾವತ್ತೂ ಬಿಸಿಲಿನ ಮಾತೆತ್ತಲಿಲ್ಲ. ಆರು ವರ್ಷ ಆದ ಮೇಲೆ, ನಾನು ಗಣಿ ಬಿಟ್ಟು ಸಿಟಿ ಆಫೀಸಿಗೆ ಬಂದ ಮೇಲೆ, ಹೀಗೇ ಏನೋ ಮಾತಾಡುತ್ತಾ ಹೇಳಿದಳು. ಆಗೆಲ್ಲ ಹಗಲಿಡೀ ಪರದೆ ಎಳೆದೇ ಇಡುತ್ತಿದ್ದಳಂತೆ. ಸೆಕೆಗಲ್ಲ. ಪರದೆ ಸರಿಸಿದರೆ ರಸ್ತೆ ಕಾಣುತ್ತಿತ್ತು, ರಸ್ತೆಯಲ್ಲಿ ಒಬ್ಬರೂ ಕಾಣುತ್ತಿರಲಿಲ್ಲ. "ಬಳ್ಳಾರಿ ಬಿಸಿಲಲ್ಲಿ ಜನ ಇರ್ತಿದ್ರು ರೀ. ಇಲ್ಲಿ ಬರೀ ಬಿಸಿಲಿತ್ತು" ಅಂದಳು.

ತೀರ್ಥಹಳ್ಳಿ ಹುಡುಗಿಯ ಗಂಡ ಇವತ್ತು ಹುಟ್ಟುಹಬ್ಬಕ್ಕೆ ಬಂದಿರಲಿಲ್ಲ. ಪಿಲ್ಬಾರಾದ ಗಣಿ ಊರು ನ್ಯೂಮನ್‌ನಲ್ಲಿದ್ದಾನೆ, ಇನ್ನೂ ಒಂಬತ್ತು ದಿನ. ಅವನೆಲ್ಲಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳಾಗಿಯೇ ಹೇಳಿದ್ದು, ಅದೂ ಹೊರಡುವಾಗ.

ಹನ್ನೆರಡಕ್ಕೆಲ್ಲ ಚಾಪೆ ಸುತ್ತಿದೆವು. ನೊಣಗಳ ಜೊತೆ ಹೊಡೆದಾಡುತ್ತಾ ಕಾರುಗಳ ಹತ್ತಿರ ಬಂದರೆ ಸಾರ್ ಬಾಗಿಲು ತೆಗೆದು ಕೂತು ಸೀಟ್ ಬೆಲ್ಟಿನ ಬಕಲ್ ಹಿಡಿದರು. ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದ ಕಾರು. "ಅಯ್ಯಯ್ಯೋ, ದರಿದ್ರ ಬಿಸಿಲು! ಮನುಷ್ಯರು ಇರೋ ಊರಾ ಇದು!" ಅಂತ ಕೂಗಿ ಬೆರಳು ಬಾಯಿಗಿಟ್ಟುಕೊಂಡರು. ನಾನು ಅವರನ್ನೇ ನೋಡಿದೆ. ನಾಲಗೆ ತುದಿಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಹುಡುಗಿ ಆಗಲೇ ತನ್ನ ಎಸ್ಕಿಯಿಂದ ಐಸ್ ತೆಗೆದು ಅವರ ಕೈಗೆ ಕೊಡುತ್ತಿದ್ದಳು. "ಹಿಡ್ಕೊಳಿ ಅಂಕಲ್, ಬೊಬ್ಬೆ ಏಳುತ್ತೆ."

ಇದನ್ನು ಬರೆಯುತ್ತಾ ಇರುವಾಗಲೇ ಹೆಂಡತಿ ಅವಳಿಗೆ ಫೋನ್ ಮಾಡಿದಳು. ಮುಂದಿನ ಭಾನುವಾರ ಬೆಳಿಗ್ಗೆ ಮಗುವನ್ನು ಕರಕೊಂಡು ಬರುತ್ತಾಳಂತೆ, ಉಗ್ಗಾಣಿ-ಮಿರ್ಚಿಗೆ. ಎಂಟು ಗಂಟೆಗೇ. ಭಾನುವಾರ ಹನ್ನೊಂದರವರೆಗೆ ಅಂಗಡಿ ತೆಗೆಯಲ್ಲ ಈ ದರಿದ್ರ ಊರಲ್ಲಿ, ಶನಿವಾರವೇ ಹೋಗಿ ಎಲ್ಲಾ ತಂದಿಡಬೇಕು.