ನಮ್ಮ ಕ್ಷೇತ್ರದ ಮೋಡ

ಜುಲೈನಲ್ಲಿ ಮಳೆ ಕೈಕೊಟ್ಟು ತೊಗರಿ ಬಾಡತೊಡಗಿದೆ ಅಂದ್ಕೊಳ್ಳಿ. ಕಲಬುರಗಿಯಲ್ಲಿ ಶಾಸಕರ ಸಭೆ. ವಿಮಾನದಿಂದ ಮೋಡಕ್ಕೆ ಉಪ್ಪಿನಂಥ ಕಣ ಎರಚಿ ಮಳೆ ತರಿಸುವ ಮೋಡ ಬಿತ್ತನೆ ಮಾಡುವುದೆಂದು ಮೊದಲೇ ತೀರ್ಮಾನವಾಗಿರುತ್ತದೆ, ಬ್ಯಾನರೂ ಬಂದಿರುತ್ತದೆ. ಆಮೇಲೆ ಯಾರಿಗೋ ನೆನಪಾಗುತ್ತದೆ, ‘ಒಬ್ಬ ತಜ್ಞರು ಬೇಕಲ್ರೀ!’ ಅವರು ಬಂದು, ಶಾಲು ಹೊದಿಸಿಕೊಂಡು, ಕೊನೆಯ ಕುರ್ಚಿಯಲ್ಲಿ ಕೂರುತ್ತಾರೆ.

ಅವರಿಗೆ ಐದು ನಿಮಿಷ. ಅಷ್ಟರಲ್ಲೇ ಸಭೆ ಕೆಡಿಸುತ್ತಾರೆ. ಬಿತ್ತೋಕೆ ಮೊದಲು ಮೋಡ ಇರಬೇಕು ಸಾಹೇಬ್ರೆ, ಅದೂ ನೀರಿರುವ ಮೋಡ ಅನ್ನುತ್ತಾರೆ. ಪಕ್ಕದ ಸೊಲ್ಲಾಪುರದಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು 2018 ಮತ್ತು 2019ರಲ್ಲಿ 276 ಮೋಡ ಆರಿಸಿಕೊಂಡು ಕೆಲವಕ್ಕೆ ಬಿತ್ತಿದರು, ಕೆಲವನ್ನು ಹೋಲಿಸಿ ನೋಡೋಕೆ ಹಾಗೇ ಬಿಟ್ಟರು, ಯಾವುದಕ್ಕೆ ಅನ್ನುವುದು ಚೀಟಿ ಎತ್ತಿದ ಹಾಗೆ. ಬಿತ್ತಿದ ಕಡೆ ಮಳೆ ಸುಮಾರು ಶೇಕಡಾ 18ರಷ್ಟು ಜಾಸ್ತಿ ಸಿಕ್ಕಿತು, ಆದರೆ ಇದೊಂದರಿಂದಲೇ ಬರ ನೀಗುವುದಿಲ್ಲ ಅಂತಲೂ ಅವರೇ ಬರೆದರು. 18ಕ್ಕೆ ಜೋರು ಚಪ್ಪಾಳೆ. ‘ಆದರೆ’ ಬರುವಷ್ಟರಲ್ಲಿ ಸುಸಲಾ, ಮಿರ್ಚಿ ಬಂದಿರುತ್ತದೆ.

ಚೀಟಿಯ ಮಾತು ಮಾತ್ರ ಎಲ್ಲರ ಕಿವಿಗೂ ನೆಟ್ಟಗೆ ಬಿದ್ದಿರುತ್ತದೆ. ‘ಅಂದ್ರೆ ನಮ್ಮ ಕ್ಷೇತ್ರದ ಮೋಡ ಬಿಟ್ಟು ಪಕ್ಕದವರದಕ್ಕೆ ಹಾಕ್ತೀರೇನ್ರೀ? ಊರಿಗೆ ಹೋಗಿ ನಾ ಏನ್ ಹೇಳ್ಲಿ?’ ನ್ಯಾಯವಾದ ಪ್ರಶ್ನೆಯೇ, ಪಾಪ. ಬೀದರ್‌ನವರು ಎದ್ದು ನಿಲ್ಲುತ್ತಾರೆ. 2017ರಲ್ಲಿ ರಾಜ್ಯ ಸರ್ಕಾರದ ಮೋಡ ಬಿತ್ತನೆ ಯೋಜನೆ ‘ವರ್ಷಧಾರಿ’ಗೆ ಸುರಪುರದಲ್ಲಿ ರಾಡಾರ್ ಇಟ್ಟಿದ್ದನ್ನು ನೆನಪಿಸಿ ಯಾದಗಿರಿಯವರು ಹಿರಿತನ ಕೇಳುತ್ತಾರೆ. ಕೊನೆಗೆ ಸರ್ವಾನುಮತ: ಎಲ್ಲ ಮೋಡಕ್ಕೂ ಸಮಪಾಲು. ಹುಮನಾಬಾದಿನಲ್ಲಿ ಬಿತ್ತಿದ ಮೋಡ ಚಿಂಚೋಳಿಯಲ್ಲಿ ಸುರಿದರೆ ಅದು ಯಾವ ತಾಲ್ಲೂಕಿನ ಲೆಕ್ಕ ಅನ್ನುವುದಕ್ಕೆ ಉಪಸಮಿತಿ.

2019ರಲ್ಲಿ ಸರ್ಕಾರ ಇನ್ನೂ ಜಾಣತನ ತೋರಿಸಿತ್ತು. ಒಂದು ಕಡೆ ಮೋಡ ಬಿತ್ತನೆ, ಇನ್ನೊಂದು ಕಡೆ ಮುಜರಾಯಿ ಗುಡಿಗಳಲ್ಲಿ ಪರ್ಜನ್ಯ ಹೋಮಕ್ಕೆ ಸುತ್ತೋಲೆ, ಗುಡಿಯೊಂದಕ್ಕೆ 10,001 ರೂಪಾಯಿ ಮೀರದಂತೆ. ಅರ್ಧ ಗುಡಿಗಳಲ್ಲಿ ಹೋಮ ಮಾಡಿ, ಇನ್ನರ್ಧ ಬಿಟ್ಟು ನೋಡೋಣ ಅನ್ನುವ ಧೈರ್ಯ ಯಾವ ತಜ್ಞರಿಗಿದೆ ಹೇಳಿ?

ದುಡ್ಡು ವಿಮಾನಕ್ಕೋ ಕೃಷಿ ಹೊಂಡಕ್ಕೋ ಅನ್ನುವುದು ಓಟು ಪಡೆದವರು ತೀರ್ಮಾನಿಸಬೇಕಾದದ್ದು, ಅಲ್ವಾ? ಅದನ್ನು ತಜ್ಞರ ತಲೆಗೆ ಕಟ್ಟುತ್ತಾರೆ. ಮೋಡದಲ್ಲಿ ನೀರಿದೆಯಾ ಅನ್ನುವುದನ್ನು ತಾವೇ ಕೈ ಎತ್ತಿ ಪಾಸು ಮಾಡುತ್ತಾರೆ. ತಜ್ಞರೂ ಏನು ಕಮ್ಮಿ ಇಲ್ಲ. ಇಂಗ್ಲಿಷ್‌ನಲ್ಲಿ ದಪ್ಪ ವರದಿ ಬರೆದು, ಆಳಂದದ ರೈತ ‘ಮಳೆ ಬರ್ತದೇನ್ರೀ?’ ಅಂತ ಕೇಳಿದರೆ ‘ಅನುಬಂಧ ನೋಡಿ’ ಅನ್ನುತ್ತಾರೆ.

ಇಷ್ಟೆಲ್ಲ ಆಗಿ, ಕಡತ ಬೆಂಗಳೂರಿಗೆ ಹೋಗಿ, ಟೆಂಡರ್ ಮುಗಿದು, ವಿಮಾನ ಹಾರುವಷ್ಟರಲ್ಲಿ ಸೆಪ್ಟೆಂಬರ್. ನಮ್ಮ ಕಡೆ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಮಳೆ ಬೀಳುವ ತಿಂಗಳೇ ಅದು. ಸುರಿದರೆ ಸರ್ಕಲ್ ತುಂಬ ಫ್ಲೆಕ್ಸು, ಫ್ಲೆಕ್ಸಿನ ತುಂಬ ಆಧುನಿಕ ಭಗೀರಥರು. ಸುರಿಯದಿದ್ದರೆ ಪತ್ರಿಕಾ ಹೇಳಿಕೆ: ‘ತಜ್ಞರು ಹೇಳಿದಂತೆಯೇ ಮಾಡಿದ್ದೇವೆ’. ತಜ್ಞರ ಹೆಸರು ಇನಿಷಿಯಲ್ ಸಮೇತ ತಪ್ಪಿಲ್ಲದೆ ಅಚ್ಚಾಗುವುದು ಆ ಒಂದು ದಿನ ಮಾತ್ರ.