ಮೀನಿನ ವಾಸನೆಯನ್ನು ಮುಚ್ಚಿಡದ ಊರು

"ಅಪ್ಪಾ, ಅಜ್ಜಿ ಮನೆ ವಾಸನೆ!" ಅಂತ ಮಗಳು ಕೂಗಿದಾಗ ನಾವು ನಮ್ಮೂರು ಗಂಗೊಳ್ಳಿಯಲ್ಲಿ ಇರಲಿಲ್ಲ. ಪೋರ್ಚುಗಲ್‌ನ ನಜರೇ ಎಂಬ ಊರಿನ ಕಡಲ ದಂಡೆಯಲ್ಲಿದ್ದೆವು. ಜನರೆಲ್ಲ ಸ್ನಾನದ ಬಟ್ಟೆಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಅವಳು ಮಾತ್ರ ಮೂಗು ಅರಳಿಸಿಕೊಂಡು ವಾಸನೆ ಬಂದ ಕಡೆಗೇ ಓಡಿದಳು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಮಕ್ಕಳ ಬೇಸಿಗೆ ರಜೆಗೆ ಈ ಸಲ ನಜರೇ ಆರಿಸಿದ್ದು ಮಗನ ಹಟಕ್ಕೆ. ಆ ಊರಿನ ಎದುರು ಸಮುದ್ರದ ತಳದಲ್ಲಿ ದೊಡ್ಡ ಕಂದಕವಿದೆ. ಅದರಿಂದಾಗಿ ಚಳಿಗಾಲದಲ್ಲಿ ಅಲ್ಲಿ ಗುಡ್ಡದಂಥ ಅಲೆಗಳು ಏಳುತ್ತವೆ. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್‌ನರ್ 26.21 ಮೀಟರ್ ಎತ್ತರದ ಅಲೆಯ ಮೇಲೆ ಸವಾರಿ ಮಾಡಿ ವಿಶ್ವದಾಖಲೆ ಮಾಡಿದ್ದು ಅಲ್ಲೇ. ಆದರೆ ಬೇಸಿಗೆಯಲ್ಲಿ ಅಲೆ ಎಲ್ಲಿಂದ ಬರಬೇಕು? 1889ರಲ್ಲಿ ಶುರುವಾದ ಹಳಿಗಾಡಿ ಹತ್ತಿ, ಬಂಡೆ ಮೇಲಿನ ಹಳೇ ಊರಿಗೆ ಹೋಗಿ, ದೀಪಸ್ತಂಭದ ಹತ್ತಿರ ನಿಂತು ನೋಡಿದರೆ ಕಡಲು ಕೆರೆಯ ಹಾಗೆ ಮಲಗಿತ್ತು. ಮಗನಿಗೆ ಬೇಜಾರು. ನನಗೆ ಅವತ್ತು ಸಿಕ್ಕಿದ್ದು ಬೇರೆಯೇ.

ದಂಡೆಯ ಮೇಲೆ, ಹೋಟೆಲುಗಳು ಸಾಲಾಗಿರುವ ಮುಖ್ಯ ರಸ್ತೆಗೆ ಕಾಣುವ ಹಾಗೆ, ಸಾಲು ಸಾಲು ಮರದ ಚೌಕಟ್ಟುಗಳು. ಚೌಕಟ್ಟಿಗೆ ಬಲೆ ಬಿಗಿದಿದ್ದಾರೆ. ಬಲೆ ಮೇಲೆ ನಡುವೆ ಸೀಳಿ ಪುಸ್ತಕದ ಹಾಗೆ ಬಿಡಿಸಿಟ್ಟ ಮೀನು. ನಮ್ಮ ಬಂಗಡೆಯನ್ನೇ ಹೋಲುವ ಒಂದು ಜಾತಿ, ಕರಪಾವ್ ಅನ್ನುತ್ತಾರೆ. ಕರುಳು ತೆಗೆದು, ತೊಳೆದು, ಉಪ್ಪುನೀರಿನಲ್ಲಿ ಅದ್ದಿ, ಬಿಸಿಲಿಗೆ ಹರಡುವುದು. ಬೈಗೆ ಅಂದರೆ ಭೂತಾಯಿ ಮೀನೂ ಇತ್ತು, ಕೈಕಾಲು ಚಾಚಿದ ಆಕ್ಟೋಪಸ್ಸೂ ಇತ್ತು. ಪಕ್ಕದಲ್ಲಿ ತಲೆಗೆ ವಸ್ತ್ರ ಕಟ್ಟಿ, ಮೊಣಕಾಲವರೆಗಿನ ಲಂಗದ ಮೇಲೆ ಏಪ್ರನ್ ಹಾಕಿಕೊಂಡ ಹೆಂಗಸರು ಕುಳಿತು ಮಾರುತ್ತಿದ್ದರು. ಏಳು ಲಂಗ ಒಂದರ ಮೇಲೊಂದು ತೊಡುವುದು ಆ ಊರಿನ ಹೆಂಗಸರ ಹಳೇ ಪದ್ಧತಿ. ಒಣಮೀನಿಗೆ ಅಂತಲೇ ಒಂದು ಪುಟ್ಟ ಮ್ಯೂಸಿಯಂ ಕೂಡ ಇದೆ.

ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತೆ. ಫ್ರೆಂಚರು, ಜರ್ಮನರು ಬರುತ್ತಾರೆ, ಬಗ್ಗಿ ನೋಡುತ್ತಾರೆ, ಇದು ಹೇಗೆ ಮಾಡುವುದು ಅಂತ ಆ ಅಜ್ಜಿಯರನ್ನು ಕೇಳುತ್ತಾರೆ, ಒಂದು ಪೊಟ್ಟಣ ಕೊಂಡು ಹೋಗುತ್ತಾರೆ.

ನನ್ನ ಅಮ್ಮ ಮೂವತ್ತು ವರ್ಷ ಮೀನು ಮಾರಿದವಳು. ಬೆಳಗಿನ ಜಾವ ಬಂದರಿಗೆ ಹೋಗಿ, ಏಲಂ ಕೂಗುವಾಗ ಸಿಕ್ಕಷ್ಟು ಹಿಡಿದು, ಬುಟ್ಟಿ ತಲೆ ಮೇಲೆ ಹೊತ್ತು ಬಸ್ಸಿಗೆ ಕಾಯುತ್ತಿದ್ದಳು. ಒಬ್ಬ ಕಂಡಕ್ಟರ್ ಹತ್ತಿಸಿಕೊಂಡರೆ ಇನ್ನೊಬ್ಬ "ವಾಸನೆ, ಬೇರೆಯವರಿಗೆ ತೊಂದರೆ" ಅಂತ ಇಳಿಸುತ್ತಿದ್ದ. ಒಂದು ಸಲ ಮಳೆಯಲ್ಲಿ ಅರ್ಧ ದಾರಿಯಲ್ಲಿ ಇಳಿಸಿದ್ದು ನನಗೆ ಇವತ್ತಿಗೂ ಮರೆತಿಲ್ಲ. ನಾನೂ ಪಕ್ಕದಲ್ಲೇ ಇದ್ದೆ, ಯೂನಿಫಾರ್ಮಿನಲ್ಲಿ. ಅಮ್ಮ ನನ್ನನ್ನು ಮಾತ್ರ ಬಸ್ಸಿನಲ್ಲೇ ಇರಲು ಹೇಳಿ ತಾನು ಇಳಿದಳು. ನಾನು ಇಳಿಯಲಿಲ್ಲ.

ಮುಂದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಅದೇ ಕಥೆ. ಊರು ಕೇಳುತ್ತಾರೆ, ಆಮೇಲೆ "ಮೀನು ಗೀನು ಮಾಡ್ತೀರಾ?" ಅಂತ ಕೇಳುತ್ತಾರೆ, ಆಮೇಲೆ ಮನೆ ಬೇರೆಯವರಿಗೆ ಕೊಟ್ಟಾಯ್ತು ಅನ್ನುತ್ತಾರೆ. ಅದೇ ಬೆಂಗಳೂರಿನ ಗೆಳೆಯರು ನಮ್ಮ ಕಡೆ ಬಂದರೆ ಮಲ್ಪೆ ಬಂದರಿನ ಹತ್ತಿರ ಕಾರಿನ ಗ್ಲಾಸು ಏರಿಸಿಬಿಡುತ್ತಾರೆ. ಅರ್ಧ ಗಂಟೆ ಬಿಟ್ಟು ಊಟದ ಹೋಟೆಲಿನಲ್ಲಿ ಅಂಜಲ್ ಫ್ರೈ ಇನ್ನೊಂದು ಪ್ಲೇಟ್ ತರಿಸುತ್ತಾರೆ. ತಟ್ಟೆಗೆ ಬಂದ ಮೀನು ಬೇಕು, ಅದನ್ನು ತಂದವರ ಮೈವಾಸನೆ ಬೇಡ. ಬೀಚ್ ಅಭಿವೃದ್ಧಿ ಅಂತ ನಮ್ಮಲ್ಲಿ ಯಾರಾದರೂ ಮಾತೆತ್ತಿದರೆ ಮೊದಲು ಕೇಳಿಸುವುದೇ ಒಣಮೀನು ಹಾಕುವವರನ್ನು ಆಚೆ ಕಳಿಸಬೇಕು ಅಂತ. ಅವರನ್ನು ಮುಂದೆ ಕೂರಿಸಿ, ಇದು ನಮ್ಮೂರು ನೋಡಿ ಅನ್ನುವ ಯೋಚನೆ ಯಾಕೆ ಬರುವುದಿಲ್ಲ? ನನಗೆ ಇದು ನಿಜಕ್ಕೂ ಸಿಟ್ಟು ತರುತ್ತದೆ.

ಮಗಳು ಅಷ್ಟರಲ್ಲಿ ಒಬ್ಬ ಅಜ್ಜಿಯ ಪಕ್ಕ ಕುಳಿತೇಬಿಟ್ಟಿದ್ದಳು. ಅಜ್ಜಿ ಮೀನು ಮಗುಚಿ ಹಾಕುವುದನ್ನು ತೋರಿಸುತ್ತಿದ್ದಳು. ಬಾಲ ಹಿಡಿದು ಎತ್ತಿ, ಹೆಬ್ಬೆರಳಿನಲ್ಲಿ ಮಾಂಸ ಒತ್ತಿ ನೋಡಿ, ಇನ್ನೂ ಮೆತ್ತಗಿದ್ದರೆ ಹಾಗೇ ಇಡುವುದು. ಅಮ್ಮನೂ ಹೀಗೇ ಒತ್ತಿ ನೋಡುತ್ತಾಳೆ, ಅದೇ ಬೆರಳು. ನಾನು ನಾಲ್ಕು ಯೂರೋ ಕೊಟ್ಟು ಒಂದು ಪೊಟ್ಟಣ ಕೊಂಡೆ. ಭಾಷೆ ಬಾರದಿದ್ದರೂ ಪೋರ್ಚುಗೀಸ್ ಮಾತಿನ ನಡುವೆ ನಮ್ಮ ಮೇಜು, ಚಾವಿ, ಜನೆಲು, ಬಟಾಟೆಗಳು ಕಿವಿಗೆ ಬೀಳುತ್ತಿದ್ದವು. ಅವರು ನಮ್ಮ ಕರಾವಳಿಗೆ ಬಂದು ಬಿಟ್ಟುಹೋದ ಪದಗಳಲ್ವಾ ಅವೆಲ್ಲ.

ಈಗ ಇನ್ನೊಂದು ಮಾತು ಹೇಳಲೇಬೇಕು, ಹೇಳಲು ನನಗೆ ಅಷ್ಟು ಇಷ್ಟವಿಲ್ಲದಿದ್ದರೂ.

ನನ್ನ ಹೆಂಡತಿಗೆ ಸ್ವಲ್ಪ ಫ್ರೆಂಚ್ ಬರುತ್ತದೆ, ಆ ಅಜ್ಜಿಗೂ ಬರುತ್ತಿತ್ತು. ಇಬ್ಬರೂ ಮಾತಿಗೆ ಕುಳಿತರು. ಅಜ್ಜಿಯ ಮಗಳು ಪ್ಯಾರಿಸ್ಸಿನಲ್ಲಿದ್ದಾಳಂತೆ, ಮೊಮ್ಮಗಳಿಗೆ ಮೀನು ಸೀಳಲು ಬರುವುದಿಲ್ಲವಂತೆ. ಆಮೇಲೆ ಕಣ್ಣು ಬಿಟ್ಟು ನೋಡಿದೆ. ಅಲ್ಲಿ ಕುಳಿತವರೆಲ್ಲ ವಯಸ್ಸಾದವರೇ. ಮರಳ ಮೇಲಿದ್ದ ಬಣ್ಣದ ದೋಣಿಗಳು ನೋಡುವುದಕ್ಕೆ ಇಟ್ಟವು, ಪಕ್ಕದಲ್ಲಿ ಹೆಸರಿನ ಫಲಕವಿದೆ. ನಮ್ಮ ಕೈರಂಪಣಿಯ ಹಾಗೆ ದಡದಿಂದ ಬಲೆ ಎಳೆಯುವ ಕ್ರಮ ಅವರಲ್ಲೂ ಇದೆ. ಈಗ ನಜರೇಯಲ್ಲಿ ಅದನ್ನು ಪ್ರವಾಸಿಗರಿಗೆ ಮಾಡಿ ತೋರಿಸುತ್ತಾರೆ. ನಿಜವಾದ ದೋಣಿಗಳು ಊರಾಚೆಯ ಬಂದರಿನಲ್ಲಿವೆ. ಆ ಬಂದರು ಆಗಿದ್ದೇ 1980ರ ದಶಕದಲ್ಲಿ. ಅಲ್ಲಿಯವರೆಗೆ ಅಲೆ ಸೀಳಿಕೊಂಡು ಇದೇ ದಂಡೆಯಿಂದ ದೋಣಿ ಇಳಿಸಬೇಕಿತ್ತು. ಎಷ್ಟೋ ಹೆಂಗಸರು ಗಂಡ, ಮಕ್ಕಳು ಮುಳುಗುವುದನ್ನು ಇಲ್ಲೇ ನಿಂತು ನೋಡಿದ್ದಾರೆ. ನಾನು ಚಂದ ಅಂತ ನೋಡುತ್ತಿದ್ದ ಮರಳು ಅದು.

ಗಂಗೊಳ್ಳಿಯಲ್ಲಿ ಹಾಗಲ್ಲ. ಅಲ್ಲಿ ವಾಸನೆ ಬಂತು ಅಂದರೆ ಅವತ್ತು ಕೆಲಸ ಇದೆ ಅಂತ ಅರ್ಥ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದಾಗ ಬಂದರು ಬಿಕೋ ಅನ್ನುತ್ತದೆ. ಆಗಸ್ಟಿನಲ್ಲಿ ಮತ್ತೆ ಕಾಲಿಡಲು ಜಾಗವಿಲ್ಲ. ಅಷ್ಟು ಜೀವ ನಜರೇಯ ದಂಡೆಯಲ್ಲಿ ನನಗೆ ಕಾಣಲಿಲ್ಲ. ಮರ್ಯಾದೆ ಕೊಡುವ ಹೊತ್ತಿಗೆ ಕೆಲಸ ಮಾಡುವವರೇ ಕಡಿಮೆಯಾಗಿದ್ದಾರೆ ಅಲ್ಲಿ. ಆದರೂ ಆ ಮರ್ಯಾದೆ ನಮ್ಮವರಿಗೆ ಅವರು ದುಡಿಯುತ್ತಿರುವಾಗಲೇ ಸಿಗಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ. ಲಂಗ, ಮ್ಯೂಸಿಯಂ ಯಾವುದೂ ಅವಳಿಗೆ ಬೇಕಿರಲಿಲ್ಲ. ಫೋನಿಗೆ ಮುಖ ಹತ್ತಿರ ತಂದು ಆ ಚೌಕಟ್ಟನ್ನೇ ನೋಡಿದಳು.

"ಹೊಯ್ಗೆ ತಾಗುದಿಲ್ಯಾ ಮೀನಿಗೆ?"

"ಇಲ್ಲಮ್ಮ, ಎತ್ತರದಲ್ಲಿದೆ."

"ಅಡಿಯಿಂದ್ಲೂ ಗಾಳಿ ಆಡತ್ತಾ?"

"ಆಡುತ್ತೆ."

"ಹಾಂಗಾರೆ ಬೇಗ ಒಣಗತ್ತ್. ಅಳ್ತಿ ತಕೊಂಡ್ ಬಾ."

ಮರುದಿನ ಬೆಳಿಗ್ಗೆ ಹೋಗಿ ಅಜ್ಜಿಯನ್ನು ಕೇಳಿ ಅಳತೆ ತೆಗೆದೆ. ಉದ್ದ ಒಂದು ಮಾರು, ಅಗಲ ಒಂದೂವರೆ ಮೊಳ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬಡಗಿ ಹತ್ತಿರ ನಾಲ್ಕು ಮಾಡಿಸಬೇಕು. ಮನೆ ಎದುರಿನ ಅಂಗಳದಲ್ಲೇ, ರಸ್ತೆಗೆ ಕಾಣುವ ಹಾಗೆ ಇಡುತ್ತೇನೆ.