ಮೊಹರು ಒತ್ತಿದ ಕುಲಾವಿ

ಹೆತ್ತ ಮಗುವಿನ ಜನನ ದಾಖಲೆಗೆ ಅಪ್ಪನಾದವನು ಪುರಸಭೆಗೆ ಅಲೆದು ಚಪ್ಪಲಿ ಸವೆಸುತ್ತಾನೆ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯಡಿ ಬರುವ ಮಗುವಿಗೆ ಆ ಗೋಳಿಲ್ಲ. ಭ್ರೂಣ ಗರ್ಭ ಸೇರುವ ಮೊದಲೇ ಅದರ ಅಪ್ಪ ಅಮ್ಮ ಯಾರೆಂದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಆದೇಶ ಮಾಡಿರುತ್ತಾರೆ. ಹುಟ್ಟಿದ ಮೇಲೆ ಆ ಆದೇಶವೇ ಜನನದ ಅಫಿಡವಿಟ್ಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎನ್ನುತ್ತಿದ್ದರು ಅಜ್ಜಿಯರು; ಸಂಸತ್ತು ಹೊಲಿಸಿ, ಮೊಹರನ್ನೂ ಒತ್ತಿಟ್ಟಿದೆ.

ಕುಲಾವಿಯ ಅಳತೆ ಮಾತ್ರ ಬಲು ಬಿಗಿ. ಮಗು ಬೇಕೆನ್ನುವ ಹೆಂಡತಿಗೆ ವಯಸ್ಸು 23ರಿಂದ 50, ಗಂಡನಿಗೆ 26ರಿಂದ 55. ಬೆಳೆದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿ 2023ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಾಗ ಗಂಡನಿಗೆ 57 ಆಗಿಹೋಗಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಂಶವಾಹಿ, ದೇಹಬಲ, ಹಣಬಲ ಎಂಬ ಮೂರು ಪರೀಕ್ಷೆ ಸೂಚಿಸಿ ದಾರಿ ತೋರಿದರು. (ಈ ಪರೀಕ್ಷೆಗೆ ಕೂತರೆ, ಯಾರನ್ನೂ ಕೇಳದೆ ಹೆತ್ತುಕೊಂಡ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತೇವೋ!)

2021ರಲ್ಲೇ ಬಂದ ಸೋದರ ಕಾಯ್ದೆಯ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ) ಪ್ರಕಾರ ಅವಿವಾಹಿತೆ ಐವಿಎಫ್ ಮಾಡಿಸಿಕೊಂಡು ತಾನೇ ಹೊರಬಹುದು. ಅವಳಿಗೆ ಗರ್ಭಕೋಶವೇ ಇಲ್ಲವೆ? ಹಾಗಾದರೆ ಬಾಡಿಗೆ ತಾಯ್ತನದ ಕಾಯ್ದೆ ಬಾಗಿಲು ಹಾಕಿಕೊಳ್ಳುತ್ತದೆ. ಒಂಟಿ ಹೆಂಗಸರಲ್ಲಿ ವಿಧವೆ, ವಿಚ್ಛೇದಿತೆಯರಿಗಷ್ಟೇ ಪ್ರವೇಶ, ಅದೂ 35ರಿಂದ 45ರೊಳಗೆ. ಹೇಗೂ ಒಂದು ಮದುವೆಯಾಗಿ, ಬೇಗ ಬಿಟ್ಟುಬಂದು, ಕೋರ್ಟಿನ ಕಾಗದ ತೋರಿಸಿದರಾಯಿತು.

ಇನ್ನು ಒಪ್ಪಿಗೆ. ಪರರಿಗಾಗಿ ಹೊರುವವಳಿಗೆ ಅಡ್ಡಪರಿಣಾಮಗಳನ್ನೆಲ್ಲ ವಿವರಿಸಿ, ಅವಳಿಗೆ ತಿಳಿಯುವ ಭಾಷೆಯಲ್ಲೇ ಸಹಿ ಹಾಕಿಸಬೇಕು. ಭ್ರೂಣ ಒಳಸೇರುವವರೆಗೆ ಅವಳು ಮನಸ್ಸು ಬದಲಿಸಬಹುದು. ಆಮೇಲೆ ಗರ್ಭ ತೆಗೆಸಬೇಕೆಂದರೆ ಅವಳ ಸಹಿಯೊಂದೇ ಸಾಲದು, ಸರ್ಕಾರ ನೇಮಿಸಿದ ಪ್ರಾಧಿಕಾರದ ಅನುಮತಿಯೂ ಬೇಕು. ಸೂಜಿಗೆ, ಶಸ್ತ್ರಕ್ಕೆ, ಪ್ರಾಣಾಪಾಯಕ್ಕೆ ಒಪ್ಪಬಹುದು. ಕೂಲಿಗೆ ಮಾತ್ರ ಒಪ್ಪುವಂತಿಲ್ಲ. ಆಸ್ಪತ್ರೆಯ ಖರ್ಚು ಉಂಟು, 36 ತಿಂಗಳ ವಿಮೆ ಉಂಟು. ಅದರಾಚೆ, ಪಟ್ಟ ಪಾಡಿಗೆಂದು ಅವಳ ಕೈಗೆ ನಾಲ್ಕು ಕಾಸು ಇಟ್ಟ ದಂಪತಿಗೆ 5 ವರ್ಷದವರೆಗೆ ಜೈಲು. ಪರೋಪಕಾರಕ್ಕೆ ಬೆಲೆ ಕಟ್ಟಬಾರದಂತೆ!

ಸರಿ. ಆದರೆ ಭ್ರೂಣ ಕೂಡಿಸುವ ಡಾಕ್ಟರು, ಅರ್ಜಿ ಬರೆಯುವ ವಕೀಲರು, ಪಾಲಿಸಿ ಮಾರುವ ಏಜೆಂಟರು, ಸ್ಕ್ಯಾನಿಂಗ್ ಸೆಂಟರಿನವರು, ಇವರಾರಿಗೂ ಈ ಪರೋಪಕಾರದ ಕಲಮು ತಾಗುವುದಿಲ್ಲ. ಒಂದು ಸಣ್ಣ ತಿದ್ದುಪಡಿ ತಂದು ಇವರ ಫೀಸನ್ನೂ ನಿಷೇಧಿಸಲಿ. ಮರುದಿನ ಬೆಳಿಗ್ಗೆ ಎಷ್ಟು ಕ್ಲಿನಿಕ್ಕುಗಳ ಶಟರ್ ಮೇಲೇಳುತ್ತದೋ ನೋಡಿಯೇ ಬಿಡೋಣ.